ಮನಸ್ಸಿಗೆ ಆಸರೆಯಾಗಿ ಒಂದು ಪುಸ್ತಕ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವಾರದ ಸಭೆಯಲ್ಲಿ ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ನಾವು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತೇವೆ. ಆದರೆ ರಾತ್ರಿಯೆಲ್ಲಾ ನಿದ್ದೆ ಬಾರದೆ ಹೊರಳಾಡಿದ್ದು, ಸುಮ್ಮಸುಮ್ಮನೆ ಎದೆ ಡವಡವ ಅಂದದ್ದು, ಕಂತಿನ ದಿನ ಹತ್ತಿರ ಬಂದಂತೆ ಊಟ ಸೇರದೆ ಹೋದದ್ದು ಯಾವ ಪುಸ್ತಕದಲ್ಲೂ ಬರುವುದಿಲ್ಲ. ಕೇಳಿದರೆ, "ಏನಿಲ್ಲ ಸಿಸ್ಟರ್, ಸ್ವಲ್ಪ ಸುಸ್ತು" ಅಂತೀರಿ. ಬಾಯಿಬಿಟ್ಟರೆ ಜನ ಹುಚ್ಚು ಅಂದಾರು ಅನ್ನೋ ಭಯ.

ಆತಂಕ ಅಂದರೆ ಹುಚ್ಚಲ್ಲ. ಹಾವು ಕಂಡಾಗ ಎದೆ ಬಡಿತ ಜೋರಾಗುತ್ತದೆ, ಕೈ ಬೆವರುತ್ತದೆ. ಅದು ದೇಹ ನಮ್ಮನ್ನು ಕಾಪಾಡುವ ರೀತಿ. ಹಾವು ಇಲ್ಲದಾಗಲೂ ದಿನವೂ ಹೀಗೇ ಆಗುತ್ತಿದ್ದರೆ ಅದು ಕಾಯಿಲೆ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ.

ಇದರಲ್ಲಿ ಪುಸ್ತಕದ ಕೆಲಸ ಏನು? ಆತಂಕದ ಮನಸ್ಸು ಗಾಣದ ಎತ್ತಿನ ಹಾಗೆ ಒಂದೇ ಚಿಂತೆಯನ್ನು ಸುತ್ತುತ್ತದೆ. ಕಥೆ ಓದುವಾಗ ಆ ಎತ್ತಿಗೆ ಸ್ವಲ್ಪ ಹೊತ್ತು ನೊಗ ಇಳಿಯುತ್ತದೆ. ಜೊತೆಗೆ, ನಮ್ಮ ಸಂಕಟಕ್ಕೆ ಮಾತು ಸಿಗುತ್ತದೆ. ನನಗೊಬ್ಬಳಿಗೇ ಹೀಗಲ್ಲ ಅಂತ ಗೊತ್ತಾಗುತ್ತದೆ.

ತ್ರಿವೇಣಿಯವರ 'ಶರಪಂಜರ' ಕಾದಂಬರಿ ಕೇಳಿದ್ದೀರಿ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದರು. ಬಾಣಂತಿತನದಲ್ಲಿ ಕಾವೇರಿಯ ಮನಸ್ಸು ಕೆಡುತ್ತದೆ, ಚಿಕಿತ್ಸೆಯಿಂದ ಗುಣವೂ ಆಗುತ್ತದೆ. ಆದರೆ ಮನೆಯವರ ಸಂಶಯದ ನೋಟ ಅವಳನ್ನು ಮತ್ತೆ ಕಾಯಿಲೆಗೆ ತಳ್ಳುತ್ತದೆ. ಔಷಧಿ ಮಾಡಿದ್ದನ್ನು ನೆರೆಹೊರೆ ಕೆಡಿಸಬಹುದು. ನಮ್ಮ ಸಂಘದಲ್ಲಿ ಒಬ್ಬಳು ಕಾವೇರಿ ಇದ್ದರೆ ನಾವು ಹೇಗೆ ನೋಡುತ್ತೇವೆ? ಯೋಚಿಸಿ.

ಆದರೆ ಮನಸ್ಸು ತುಂಬಾ ಕುಗ್ಗಿದಾಗ ಇಂಥ ದುಃಖದ ಕಥೆ ಬೇಡ. ಆಗ ಜನಪದ ಕಥೆ, ನಗೆಬರಹ ಓದಿ. 'ರಾಶಿ' ಎಂಬ ಹೆಸರಿನಲ್ಲಿ ಬರೆದ ಡಾ. ಎಂ. ಶಿವರಾಂ ವೈದ್ಯರು. ಅವರೇ 'ಕೊರವಂಜಿ' ಎಂಬ ನಗೆಪತ್ರಿಕೆ ನಡೆಸಿದರು. ಮನಸ್ಸಿನ ಬಗ್ಗೆ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾಯಿಲೆಯ ಬಗ್ಗೆ ಸರಳವಾಗಿ ತಿಳಿಯಬೇಕಾದರೆ, ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳಿವೆ.

"ನಮಗೆ ಓದು ಬರಲ್ಲ" ಅಂತೀರಾ? ಸಭೆ ಮುಗಿದ ಮೇಲೆ ಒಬ್ಬರು ಹತ್ತು ನಿಮಿಷ ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಮಗಳ ಕೈಲಿ ಓದಿಸಿ. ಪುಸ್ತಕ ಕೊಳ್ಳಬೇಕಾಗಿಲ್ಲ, ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿ. ಓದಿದ ಮೇಲೆ, "ನಿನಗೂ ಹೀಗೆ ಆಗಿತ್ತಾ?" ಅಂತ ಪಕ್ಕದವರನ್ನು ಕೇಳಿ. ಆದರೆ ಕೇಳಿದ್ದು ಸಂಘದ ಹೊರಗೆ ಹೋಗಬಾರದು.

ಒಂದು ಎಚ್ಚರಿಕೆ. ಪುಸ್ತಕ ಜೊತೆಗಾತಿ, ಡಾಕ್ಟರ್ ಅಲ್ಲ. ಡಾಕ್ಟರ್ ಕೊಟ್ಟ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಎರಡು ವಾರವಾದರೂ ನಿದ್ದೆ, ಊಟ, ಕೆಲಸ ಕೆಟ್ಟೇ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ, ಆ ಕೂಡಲೇ ಯಾರಿಗಾದರೂ ಹೇಳಿ. ಅಂಥ ಮಾತು ಕೇಳಿಸಿಕೊಂಡವರು ಆಕೆಯನ್ನು ಒಂಟಿಯಾಗಿ ಬಿಡಬೇಡಿ, ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ.

ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘವೂ ಒಂದು ಕಥೆ ಪುಸ್ತಕ ತನ್ನಿ. 14416 ಅನ್ನು ನಿಮ್ಮ ಪಾಸ್‌ಬುಕ್ಕಿನ ಹಿಂಭಾಗದಲ್ಲಿ ಇವತ್ತೇ ಬರೆದುಕೊಳ್ಳಿ.