ಗೊಮ್ಮಟನಿಗೆ ಸಿಕ್ಸ್ ಪ್ಯಾಕ್ ಎಲ್ಲಿದೆ?

ಇವತ್ತು ರಾಜಕೀಯ ಇಲ್ಲ. ಸರ್ಕಾರ ಬೀಳೋದಿಲ್ಲ, ಯಾರೂ ಪಕ್ಷ ಬಿಡೋದಿಲ್ಲ. ಇವತ್ತಿನ ವಿಷಯ ನಿಮ್ಮ ಮನೆಯ ಹುಡುಗನ ಕೈಯಲ್ಲಿರುವ ಮೊಬೈಲು. ಅದರೊಳಗೆ ಓಡುತ್ತಿರುವ ಗೇಮು. ಆ ಗೇಮಿನ ಹೀರೋ. ಅವನ ಎದೆ, ಅವನ ತೋಳು, ಅವನ ಹೊಟ್ಟೆ.

ನಗಬೇಡಿ. ವಿಷಯ ಗಂಭೀರವಾಗಿಯೇ ಇದೆ.

2006ರಲ್ಲಿ ‘ಗೇರ್ಸ್ ಆಫ್ ವಾರ್’ ಬಂತು. ಅದರ ಹೀರೋನ ಕುತ್ತಿಗೆ ಎಲ್ಲಿ ಮುಗಿಯುತ್ತದೆ, ಭುಜ ಎಲ್ಲಿ ಶುರುವಾಗುತ್ತದೆ ಅಂತ ಹುಡುಕಬೇಕು. 2018ರ ‘ಗಾಡ್ ಆಫ್ ವಾರ್’ ನೋಡಿ. ಕ್ರೇಟೋಸ್‌ಗೆ ವಯಸ್ಸಾಗಿದೆ, ಗಡ್ಡ ಬಂದಿದೆ, ಜೊತೆಗೆ ಮಗನಿದ್ದಾನೆ. ಮೈಕಟ್ಟು ಮಾತ್ರ ಒಂದಿಷ್ಟೂ ಕರಗಿಲ್ಲ. ನಮ್ಮ ಮನೆಗಳಲ್ಲಿ ಮಗ ಹುಟ್ಟಿದ ಮೇಲೆ ಅಪ್ಪನ ಹೊಟ್ಟೆ ಏನಾಗುತ್ತದೆ ಅಂತ ನಿಮಗೆ ಗೊತ್ತು.

ಈಗ ಕಾರ್ಕಳಕ್ಕೆ ಬನ್ನಿ. ಬೆಟ್ಟ ಹತ್ತಿ. 42 ಅಡಿಯ ಬಾಹುಬಲಿ ನಿಂತಿದ್ದಾನೆ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಏಕಶಿಲೆ. ಹೆಸರೇ ಬಾಹುಬಲಿ, ತೋಳ್ಬಲದವನು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಚಕ್ರವರ್ತಿ ಅಣ್ಣನನ್ನೇ ಸೋಲಿಸಿದವನು. ಮೈಮೇಲೆ ಬಟ್ಟೆಯಿಲ್ಲ, ಮುಚ್ಚಿಡಲು ಏನೂ ಇಲ್ಲ. ಅವನ ಹೊಟ್ಟೆಯ ಮೇಲೆ ಆರು ಗಂಟು ಎಲ್ಲಿದೆ ತೋರಿಸಿ. ಇಲ್ಲ. ಅಗಲವಾದ ಭುಜ, ನುಣುಪಾದ ಎದೆ, ಶಾಂತವಾದ ಹೊಟ್ಟೆ, ಕಾಲು ತೋಳುಗಳಿಗೆ ಹಬ್ಬಿದ ಬಳ್ಳಿ. ಉಳಿಯ ಏಟಿಗೆ ಗ್ರಾನೈಟನ್ನೇ ಬಗ್ಗಿಸಿದ ಶಿಲ್ಪಿಗೆ ಆರು ಗೆರೆ ಕೆತ್ತೋದು ಕಷ್ಟವಾಗಿತ್ತಾ? ಅವನಿಗೆ ಅದು ಬೇಕಿರಲಿಲ್ಲ.

ಹಾಗಂತ ಸಿಕ್ಸ್ ಪ್ಯಾಕ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಫೋಟೋ ದೇಶವೆಲ್ಲ ಸುತ್ತಿತು. ಹೊಟ್ಟೆ ಕಡೆದಿಟ್ಟ ಹಾಗಿತ್ತು. ಆದರೆ ಅದು ಕೆಸರುಗದ್ದೆಯ ಓಟವೂ ಕಟ್ಟಡದ ಕೂಲಿಯೂ ಕೊಟ್ಟ ಮೈ.

ಉಡುಪಿ ಜಿಲ್ಲೆಯ ಗುರುರಾಜ ಪೂಜಾರಿಯವರನ್ನು ನೋಡಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರು. ಸ್ಪರ್ಧಿಸಿದ್ದು 56 ಕೆಜಿ ವಿಭಾಗದಲ್ಲಿ. ಕ್ಲೀನ್ ಆಂಡ್ ಜರ್ಕ್‌ನಲ್ಲಿ ಎತ್ತಿದ್ದು 138 ಕೆಜಿ. ತನ್ನ ತೂಕದ ಎರಡು ಪಟ್ಟಿಗಿಂತ ಹೆಚ್ಚು ಭಾರ, ತಲೆಯ ಮೇಲೆ! ಗೇಮ್ ಕಂಪೆನಿಯವರು 56 ಕೆಜಿಯ ಹೀರೋನನ್ನು ಒಪ್ಪುತ್ತಾರಾ?

ಕಾಪುವಿಗೆ ಹೋದರೆ 1901ರ ದೀಪಸ್ತಂಭ ಇದೆ. ಆ ಕಡಲತೀರದಲ್ಲಿ ಬಲೆ ಎಳೆಯುವ ಅಣ್ಣಂದಿರನ್ನು ಗಮನಿಸಿ. ಒಬ್ಬ ತೆಳ್ಳಗೆ, ಒಬ್ಬನಿಗೆ ಹೊಟ್ಟೆ, ಒಬ್ಬನಿಗೆ ಐವತ್ತು ದಾಟಿದೆ. ಹಗ್ಗ ಹಿಡಿದರೆ ಮೂವರೂ ಗಟ್ಟಿಗರೇ.

ನಾನು ಎಂಜಿನಿಯರಿಂಗ್ ಓದಿದವನು. ನಮಗೆ ಕಲಿಸಿದ ಪಾಠ ಒಂದೇ: ಹೊರುವ ಭಾರ ಬದಲಾದರೆ ತೊಲೆಯ ಆಕಾರವೂ ಬದಲಾಗಬೇಕು. ಮೈಗೂ ಅದೇ ಲೆಕ್ಕ. ಓಡುವವನ ಮೈ ಬೇರೆ, ಎತ್ತುವವನ ಮೈ ಬೇರೆ, ಎಳೆಯುವವನ ಮೈ ಬೇರೆ. ಗೇಮಿನಲ್ಲಿ ಮಾತ್ರ ಕಳ್ಳ, ಸೈನಿಕ, ಡ್ರೈವರ್, ಬಿಲ್ಲುಗಾರ, ಎಲ್ಲರಿಗೂ ಒಂದೇ ಎದೆ.

“ಅದು ಕಲ್ಪನೆ ಸ್ವಾಮಿ, ಯಕ್ಷಗಾನದಲ್ಲೂ ವೀರನನ್ನು ದೊಡ್ಡದು ಮಾಡಿಯೇ ತೋರಿಸಲ್ವಾ?” ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಖಂಡಿತ ತೋರಿಸುತ್ತಾರೆ. ಕಿರೀಟ, ಭುಜಕೀರ್ತಿ, ಎದೆಕಟ್ಟು ಹಾಕಿ ಸಣ್ಣ ಆಳನ್ನೂ ಅರ್ಜುನ ಮಾಡುತ್ತಾರೆ. ಆದರೆ ಚೌಕಿಯ ಬಾಗಿಲು ತೆರೆದೇ ಇರುತ್ತದೆ. ಮಕ್ಕಳು ಇಣುಕಿ ನೋಡುತ್ತಾರೆ. ರಾತ್ರಿ ಅಬ್ಬರಿಸಿದ ಭೀಮ ಬೆಳಿಗ್ಗೆ ಹೋಟೆಲಿನಲ್ಲಿ ಪಕ್ಕದ ಬೆಂಚಲ್ಲೇ ಬನ್ಸ್ ತಿನ್ನುತ್ತಿರುತ್ತಾನೆ. ವೇಷ ಬೇರೆ, ಮನುಷ್ಯ ಬೇರೆ ಅಂತ ಹುಡುಗನಿಗೆ ತಾನಾಗಿಯೇ ಗೊತ್ತಾಗುತ್ತದೆ. ಗೇಮಿನಲ್ಲಿ ಚೌಕಿ ಇಲ್ಲ. ಅಲ್ಲಿ ಚರ್ಮವೇ ವೇಷ. ಕಳಚೋದಕ್ಕೆ ಏನೂ ಇಲ್ಲ.

ಹುಡುಗ ಆ ವೇಷವನ್ನು ತನ್ನ ಮೈಮೇಲೆ ಹುಡುಕಲು ಹೊರಟಾಗ ತೊಂದರೆ ಶುರುವಾಗುತ್ತದೆ. ವೈದ್ಯರು ಇದಕ್ಕೆ ಮಸಲ್ ಡಿಸ್ಮಾರ್ಫಿಯಾ ಅನ್ನುತ್ತಾರೆ. ಎಷ್ಟು ದಪ್ಪ ತೋಳು ಬಂದರೂ ಕನ್ನಡಿಯಲ್ಲಿ ಪೀಚಲಾಗಿಯೇ ಕಾಣೋದು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಇದಕ್ಕೆ ಅಧಿಕೃತವಾಗಿಯೇ ಜಾಗ ಕೊಟ್ಟಿದೆ. ಜಿಮ್ಮಿಗೆ ಹೋಗೋದು ತಪ್ಪಲ್ಲ. ನಮ್ಮ ತುಳುನಾಡಿನಲ್ಲಿ ಕೋಟಿ ಚೆನ್ನಯರನ್ನು ನಂಬುವುದೇ ಗರಡಿಯಲ್ಲಿ. ಮೈ ಬೆಳೆಸೋದು ನಮಗೆ ಹೊಸದೇನಲ್ಲ. ಆದರೆ ಮೂರು ತಿಂಗಳಲ್ಲಿ ಕ್ರೇಟೋಸ್ ಆಗಬೇಕು ಅಂತ ಸ್ಟೀರಾಯ್ಡ್ ಚುಚ್ಚಿಸಿಕೊಂಡರೆ ಹೃದಯಕ್ಕೆ ಪೆಟ್ಟು, ಲಿವರಿಗೆ ಪೆಟ್ಟು, ನಾಳೆ ಮಕ್ಕಳಾಗದ ಕೊರಗು. ಮಣಿಪಾಲದಂಥ ಊರಿನಲ್ಲಿ ಹುಡುಗರು ಅಪ್ಪ ಅಮ್ಮನಿಂದ ದೂರ, ಹಾಸ್ಟೆಲಿನಲ್ಲಿರುತ್ತಾರೆ. ರೂಮಿನಲ್ಲಿ ಯಾರು ನೋಡುತ್ತಾರೆ?

ಹೆಣ್ಣು ಪಾತ್ರಗಳ ಮೈಕಟ್ಟಿನ ಬಗ್ಗೆ ಜಗತ್ತು ಮಾತಾಡಿತು. 2013ರ ‘ಟೂಂಬ್ ರೈಡರ್’ನಲ್ಲಿ ಲಾರಾ ಕ್ರಾಫ್ಟ್ ಸಹಜ ಹುಡುಗಿಯ ಹಾಗೆ ಕಂಡಳು. ಒಳ್ಳೆಯದಾಯಿತು. ಗಂಡುಮಕ್ಕಳ ವಿಷಯ ಮಾತ್ರ ಯಾರೂ ಎತ್ತಲ್ಲ. ಯಾಕೆಂದರೆ “ನನ್ನ ಮೈ ನೋಡಿದರೆ ನನಗೇ ನಾಚಿಕೆ” ಅಂತ ಗಂಡುಹುಡುಗ ಬಾಯಿಬಿಟ್ಟು ಹೇಳಲ್ಲ. ಹೇಳಿದರೆ ನಾವೇ ನಗುತ್ತೇವೆ.

ಕಂಪೆನಿಗಳಿಗೂ ಕಾರಣಗಳಿವೆ. ಒಂದು ಅಸ್ಥಿಪಂಜರ ಮಾಡಿಟ್ಟರೆ ನಡಿಗೆ, ಜಿಗಿತ, ಹೊಡೆತ ಎಲ್ಲವನ್ನೂ ಅದರ ಮೇಲೆಯೇ ಕೂರಿಸಬಹುದು. ಮೈ ಬದಲಾದರೆ ಬಟ್ಟೆ, ಚಲನೆ ಎಲ್ಲ ಮತ್ತೆ ಹೊಂದಿಸಬೇಕು. ನಾಲ್ಕು ಜನ ಕೂಡಿ ಆಡುವ ಶೂಟಿಂಗ್ ಗೇಮಿನಲ್ಲಿ ದಪ್ಪಗಿದ್ದವನಿಗೆ ಗುಂಡು ಬೇಗ ತಾಗಿದರೆ ಅನ್ಯಾಯ. ಒಪ್ಪೋಣ. ಆದರೆ ಆಗದ ಕೆಲಸವಲ್ಲ. 1981ರಲ್ಲಿ ಹುಟ್ಟಿದ ಮಾರಿಯೋ ಕುಳ್ಳ, ಹೊಟ್ಟೆಯವನು, ಮೀಸೆಯವನು. ಇವತ್ತಿಗೂ ಜಗತ್ತು ಅವನನ್ನು ಮರೆತಿಲ್ಲ. 2004ರ ‘ಜಿಟಿಎ ಸ್ಯಾನ್ ಆಂಡ್ರಿಯಾಸ್’ನಲ್ಲಿ ಹೀರೋ ಬರ್ಗರ್ ತಿಂದರೆ ದಪ್ಪ ಆಗುತ್ತಿದ್ದ, ಜಿಮ್ಮಿಗೆ ಹೋದರೆ ಗಟ್ಟಿಯಾಗುತ್ತಿದ್ದ. ಇಪ್ಪತ್ತು ವರ್ಷದ ಹಿಂದಿನ ಕಂಪ್ಯೂಟರಿನಲ್ಲಿ ಆಗಿದ್ದು ಈಗ ಆಗಲ್ವಾ?

ಆ ಗೇಮ್ ಮಾಡಿದ ರಾಕ್‌ಸ್ಟಾರ್ ಕಂಪೆನಿಗೆ ನಮ್ಮ ಬೆಂಗಳೂರಿನಲ್ಲಿ ಕಚೇರಿ ಇದೆ. 1997ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ಕೊಂಡುಕೊಂಡದ್ದೂ ಅದೇ ಕಂಪೆನಿ. ಅಂದರೆ ಕೆಲಸ ಬಲ್ಲ ಕೈಗಳು ನಮ್ಮಲ್ಲೇ ಇವೆ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಕರ್ನಾಟಕ 2012ರಲ್ಲೇ ನೀತಿ ತಂದಿತು, 2024ರಲ್ಲಿ ಮತ್ತೆ ಹೊಸದು ಮಾಡಿತು. ಸರ್ಕಾರಕ್ಕೆ ನನ್ನ ಕೇಳಿಕೆ ಸಣ್ಣದು: ನಿಮ್ಮ ನೆರವು ಪಡೆದು ಬರುವ ಗೇಮುಗಳಲ್ಲಿ ಒಂದರಲ್ಲಾದರೂ ಕಂಬಳದ ಓಟಗಾರ ಇರಲಿ, ಬಲೆ ಎಳೆಯುವ ಮೀನುಗಾರ ಇರಲಿ, ಕನ್ನಡಕ ಹಾಕಿದ ಸಣಕಲ ಹುಡುಗನೂ ಗೆಲ್ಲಲಿ.

ಅಪ್ಪಂದಿರಿಗೆ ಒಂದು ಮಾತು. ಇವತ್ತು ರಾತ್ರಿ ಮಗನ ಕೈಯಿಂದ ಮೊಬೈಲ್ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು, “ಈ ಹೀರೋ ಏನು ಕೆಲಸ ಮಾಡಿ ಈ ಮೈ ಬೆಳೆಸಿದ ಮಾರಾಯ?” ಅಂತ ಕೇಳಿ. ಮಾತು ಅಲ್ಲಿಂದ ಶುರುವಾಗಲಿ.