ನೇತ್ರದಾನ ಮತ್ತು ಅಹಿಂಸೆಯ ಲೆಕ್ಕ



ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರವನ್ನು ದರ್ಶಿಸಿದವರಿಗೆ ಅದರ ಆವರಣದಲ್ಲಿರುವ ಪಕ್ಷಿಗಳ ಆಸ್ಪತ್ರೆ ನೆನಪಿದ್ದೀತು. ರೆಕ್ಕೆ ಮುರಿದ ಪಾರಿವಾಳಕ್ಕೂ ಅಲ್ಲಿ ಆರೈಕೆಯುಂಟು. ಅದೇ ನಗರದ ಏಮ್ಸ್ ಆಸ್ಪತ್ರೆಯಲ್ಲಿ ನಡೆದ ಒಂದು ಪ್ರಯೋಗ ಜೈನ ಸಮಾಜದ ಮುಂದೆ ಬೇರೊಂದು ಪ್ರಶ್ನೆಯನ್ನಿಟ್ಟಿದೆ.

ಸ್ವೀಡನ್ನಿನ ಲಿಂಶೋಪಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಹಂದಿಯ ಚರ್ಮದಿಂದ ಪಡೆದ ಕೊಲಾಜೆನ್ ಎಂಬ ಪ್ರೋಟೀನನ್ನು ಶುದ್ಧೀಕರಿಸಿ ಪಾರದರ್ಶಕ ಪೊರೆಯೊಂದನ್ನು ತಯಾರಿಸಿದರು. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಚಾಚುವ ಕೆರಾಟೋಕೋನಸ್ ರೋಗದಿಂದ ಬಳಲುತ್ತಿದ್ದ 20 ಮಂದಿಗೆ ಅದನ್ನು ಅಳವಡಿಸಲಾಯಿತು. 12 ಮಂದಿಗೆ ಇರಾನಿನಲ್ಲಿ, 8 ಮಂದಿಗೆ ದೆಹಲಿಯ ಏಮ್ಸ್‌ನಲ್ಲಿ. ಇವರಲ್ಲಿ 14 ಮಂದಿ ಅಂಧರೆನಿಸಿದ್ದರು. ಎರಡು ವರ್ಷಗಳ ಬಳಿಕ ಒಬ್ಬರೂ ಅಂಧರಾಗಿ ಉಳಿದಿರಲಿಲ್ಲವೆಂದು 2022ರಲ್ಲಿ ವರದಿ ಪ್ರಕಟವಾಯಿತು.

ಆ ರೋಗಿಗಳಿಗೆ ಮರಳಿದ ದೃಷ್ಟಿಯನ್ನು ಯಾರೂ ಹಳಿಯತಕ್ಕದ್ದಲ್ಲ. ಆದರೆ ವಿಜ್ಞಾನಿಗಳು ಹಂದಿಯ ಚರ್ಮದತ್ತ ಹೊರಳಿದ್ದೇಕೆ? ಮಾನವ ಕಾರ್ನಿಯಾ ಸಾಕಷ್ಟು ದೊರೆಯದಿರುವುದೇ ಮುಖ್ಯ ಕಾರಣ. 2016ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ 70 ಕಾರ್ನಿಯಾಗಳು ಬೇಕಾದಲ್ಲಿ ಲಭ್ಯವಿರುವುದು ಒಂದು. ಚಿತೆಯಲ್ಲಿ ಬೂದಿಯಾಗುವ ಕಣ್ಣುಗಳ ಕೊರತೆಯನ್ನು ಪ್ರಾಣಿಯ ದೇಹದಿಂದ ತುಂಬುವ ಸ್ಥಿತಿ ಒದಗಿದೆ. ಅಹಿಂಸೆಯನ್ನು ಪರಮಧರ್ಮವೆನ್ನುವವರು ಈ ಲೆಕ್ಕದಿಂದ ಹೊರಗುಳಿಯಲಾರರು.

ಇಂದು ಒಬ್ಬರ ದಾನದ ಫಲ ಹಿಂದಿಗಿಂತ ಬಹಳ ವಿಸ್ತಾರವಾಗಿದೆ. ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ ಜೀವಕೋಶಗಳಿವೆ. ಅವು ನೀರನ್ನು ಹೊರಹಾಕುತ್ತ ಕಣ್ಣನ್ನು ತಿಳಿಯಾಗಿಡುತ್ತವೆ. ವಯಸ್ಕರ ಕಣ್ಣಿನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಬಹಳಷ್ಟು ಸತ್ತರೆ ಕಾರ್ನಿಯಾ ಊದಿಕೊಂಡು ಮಂಜಾಗುತ್ತದೆ. ಜಪಾನಿನ ಕ್ಯೋಟೋದಲ್ಲಿ ಶಿಗೆರು ಕಿನೋಶಿತಾ ಮತ್ತು ಸಂಗಡಿಗರು ದಾನಿಯ ಕಣ್ಣಿನ ಈ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ರೋಗಿಯ ಕಣ್ಣಿನೊಳಕ್ಕೆ ಸೂಜಿಯಿಂದ ಸೇರಿಸಿದರು. ಕೋಶಗಳು ಸ್ವಸ್ಥಾನದಲ್ಲಿ ಅಂಟಿಕೊಳ್ಳಲೆಂದು ರೋಗಿ ಮೂರು ಗಂಟೆ ಬೋರಲು ಮಲಗಬೇಕು, ಅಷ್ಟೇ. 2018ರಲ್ಲಿ ಪ್ರಕಟವಾದ ವರದಿಯಂತೆ 11 ಮಂದಿಯಲ್ಲಿ 9 ಮಂದಿಯ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತು. 2023ರಲ್ಲಿ ಜಪಾನ್ ಸರಕಾರ ಈ ಬಗೆಯ ಚಿಕಿತ್ಸೆಗೆ ಅನುಮತಿ ನೀಡಿತು. ಹೀಗೆ ಒಬ್ಬ ದಾನಿಯ ಕೋಶಗಳು ಅನೇಕರಿಗೆ ಒದಗಬಲ್ಲವು. ಆದರೆ ಬಿತ್ತಲು ಬೀಜವೇ ಇಲ್ಲದಿದ್ದರೆ ಬೆಳೆ ಎಲ್ಲಿಯದು? ಪ್ರಯೋಗಾಲಯವು ದಾನವನ್ನು ಹೆಚ್ಚಿಸುತ್ತದೆ, ದಾನಿಯನ್ನು ಅನಗತ್ಯಗೊಳಿಸುವುದಿಲ್ಲ.

ಕನ್ನಡ ನಾಡಿಗೆ ಇದರ ಪರಿಚಯವಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಿಧನರಾದಾಗ, ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ನೀಡಿದರು. ಉಳಿದ ಅಂಚಿನಲ್ಲಿದ್ದ ಕಾಂಡಕೋಶಗಳನ್ನೂ ಸಂಸ್ಥೆಯ ಪ್ರಯೋಗಾಲಯಕ್ಕೆ ಕಳುಹಿಸಲಾಯಿತು. ತಂದೆ ಡಾ. ರಾಜ್‌ಕುಮಾರ್ 2006ರಲ್ಲಿ ಹಾಕಿಕೊಟ್ಟ ಮಾರ್ಗವದು.

ಪ್ರಯೋಗಾಲಯವೂ ಹಿಂಸೆಯಿಂದ ಪೂರ್ಣ ಮುಕ್ತವಲ್ಲವೆಂಬುದನ್ನು ಮರೆಮಾಚಬೇಕಿಲ್ಲ. ಜೀವಕೋಶಗಳನ್ನು ಬೆಳೆಸುವ ದ್ರವದಲ್ಲಿ ಗೋವಿನ ಭ್ರೂಣದ ರಕ್ತಸಾರವನ್ನು ಬಳಸುವುದು ಬಹುಕಾಲದ ರೂಢಿ. ಇದಕ್ಕೆ ಪರ್ಯಾಯವೂ ಉಂಟು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ರೋಗಿಯ ಸ್ವಂತ ಕಣ್ಣಿನ ಅಂಚಿನ ಕೋಶಗಳನ್ನು ಪ್ರಾಣಿಜನ್ಯ ಪದಾರ್ಥವಿಲ್ಲದೆ, ರೋಗಿಯದೇ ರಕ್ತಸಾರದಲ್ಲಿ ಬೆಳೆಸಿ 200 ಮಂದಿಗೆ ಚಿಕಿತ್ಸೆ ನೀಡಲಾಯಿತು, ಶೇ. 71ರಷ್ಟು ಯಶಸ್ಸು ದೊರೆಯಿತು. ಅನುಕೂಲಸ್ಥ ಜೈನ ದಾನಿಗಳು ಇಂತಹ ಸಂಶೋಧನೆಗೆ ನೆರವಾದರೆ ಅದು ಔಷಧದಾನವೂ ಹೌದು, ಅಭಯದಾನವೂ ಹೌದು.

ಸಮಾಜದಲ್ಲಿ ಎರಡು ಶಂಕೆಗಳು ಕೇಳಿಬರುತ್ತವೆ. ಕಣ್ಣು ಕೊಟ್ಟವರು ಮುಂದಿನ ಜನ್ಮದಲ್ಲಿ ಕುರುಡರಾಗುವರೆಂಬುದು ಒಂದು. ದೇಹ ಬೇರೆ, ಆತ್ಮ ಬೇರೆ ಎಂದು ನಿತ್ಯವೂ ಕೇಳುವವರಿಗೆ ಈ ಭಯ ಸಲ್ಲದು. ದಾನದಿಂದ ದೃಷ್ಟಿ ಕುಂದುವುದೆಂದು ಕರ್ಮಸಿದ್ಧಾಂತ ಎಲ್ಲಿಯೂ ಹೇಳುವುದಿಲ್ಲ. ಶವದಲ್ಲಿ ಸೂಕ್ಷ್ಮಜೀವಿಗಳು ಉತ್ಪನ್ನವಾಗುವುದರಿಂದ ಸಂಸ್ಕಾರ ತಡವಾಗಬಾರದೆಂಬುದು ಇನ್ನೊಂದು. ಈ ಕಾಳಜಿ ಗೌರವಾರ್ಹ. ಆದರೆ ವೈದ್ಯತಂಡ ಮನೆಗೇ ಬರುತ್ತದೆ, ಅದರ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಮುಖವೂ ವಿರೂಪವಾಗುವುದಿಲ್ಲ. ಬಂಧುಗಳಿಗಾಗಿ ಕಾಯುವ ಹೊತ್ತಿನಲ್ಲೇ ಅದು ಸಾಧ್ಯ.

ಪ್ರತಿವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ರಾಷ್ಟ್ರೀಯ ನೇತ್ರದಾನ ಪಾಕ್ಷಿಕ. ದಶಲಕ್ಷಣ ಪರ್ವವೂ ಬಹುಪಾಲು ಅದರ ಆಸುಪಾಸಿನಲ್ಲೇ ಬರುತ್ತದೆ. ಉತ್ತಮ ತ್ಯಾಗದ ದಿನದ ಪ್ರವಚನದೊಂದಿಗೆ ಬಸದಿಗಳಲ್ಲಿ ನೇತ್ರದಾನದ ಸಂಕಲ್ಪಪತ್ರವನ್ನೂ ಇರಿಸಬಾರದೇಕೆ?

ಪತ್ರಕ್ಕಿಂತಲೂ ಮನೆಯವರ ಅರಿವು ಮುಖ್ಯ, ಏಕೆಂದರೆ ಆ ಗಳಿಗೆಯಲ್ಲಿ ಒಪ್ಪಿಗೆ ನೀಡಬೇಕಾದವರು ಅವರೇ. ಮರಣದ ಬಳಿಕ ಆರು ಗಂಟೆಯೊಳಗೆ ಕಣ್ಣು ಪಡೆಯಬೇಕಾದ್ದರಿಂದ ಕೂಡಲೇ ನೇತ್ರಬ್ಯಾಂಕಿಗೆ ತಿಳಿಸಬೇಕು, ರೆಪ್ಪೆ ಮುಚ್ಚಿ ಒದ್ದೆ ಹತ್ತಿಯಿಡಬೇಕು, ತಲೆಯನ್ನು ದಿಂಬಿನ ಮೇಲೆ ತುಸು ಎತ್ತರಿಸಬೇಕು, ಫ್ಯಾನ್ ನಿಲ್ಲಿಸಬೇಕು. ದೆಹಲಿಯಿರಲಿ, ಗುರುಗ್ರಾಮವಿರಲಿ, ಮೂಡಬಿದಿರೆಯಿರಲಿ, ಈ ನಾಲ್ಕು ಮಾತುಗಳನ್ನು ಪ್ರತಿ ಮನೆಯ ಮಕ್ಕಳೂ ಅರಿತಿರಲಿ.

ಜೈ ಜಿನೇಂದ್ರ.