ಕೋಲು ದಾಟಿಸುವ ಕೈ

ನಮ್ಮೂರು ತೊಗರ್ಸಿಯ ಬಯಲಲ್ಲಿ ಬೆಳಗಿನ ಇಬ್ಬನಿ ತುಳಿಯುತ್ತ ಬರಿಗಾಲಲ್ಲಿ ಓಡುವ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಕೊಡಗಿನ ಅಶ್ವಿನಿ ನಾಚಪ್ಪ ನೆನಪಾಗುತ್ತಾರೆ. 1988ರಲ್ಲೇ ಅರ್ಜುನ ಪ್ರಶಸ್ತಿ ಪಡೆದ ಓಟಗಾರ್ತಿ. ಓಟ ಮುಗಿದ ಮೇಲೆ ಪದಕಗಳನ್ನು ಒರೆಸುತ್ತ ಕೂರಲಿಲ್ಲ. ಗೋಣಿಕೊಪ್ಪದ ಬಳಿ ಪಾಠಕ್ಕೂ ಆಟಕ್ಕೂ ಸಮಪಾಲು ಕೊಡುವ ಶಾಲೆ ಕಟ್ಟಿದರು.

ಅವರು ಮಾಡಿದ್ದು ರಿಲೇಯಲ್ಲಿ ಕೋಲು ದಾಟಿಸಿದಂಥ ಕೆಲಸ. ನಾಲ್ವರು ತಲಾ ನೂರು ಮೀಟರ್ ಓಡುವ ರಿಲೇ ನೋಡಿದ್ದೀರಲ್ಲ? ಕೋಲು ದಾಟಿಸಲು ಇರುವುದು ಬರೀ 30 ಮೀಟರ್ ಜಾಗ. ಮುಂದಿನವನು ಹಿಂದಿರುಗಿ ನೋಡುವುದಿಲ್ಲ, ನಂಬಿಕೆಯಿಂದ ಕೈ ಹಿಂದೆ ಚಾಚುತ್ತಾನೆ. ಕೊಡುವವನು ವೇಗ ತಗ್ಗಿಸಿದರೆ ಇಬ್ಬರೂ ಸೋತಂತೆ.

ನಮ್ಮೂರಲ್ಲೂ ಕಾಲೇಜಿನ ದಿನಗಳಲ್ಲಿ ಓಡಿದವರು, ಕಬಡ್ಡಿ ಆಡಿದವರು ಇದ್ದಾರೆ. ಸಂಜೆ ಒಂದು ಗಂಟೆ ಕಾಲ ಮಕ್ಕಳಿಗೆ ಕಲಿಸಲು ಬಯಲಿಗೆ ಬನ್ನಿ. ಎಳೆಯ ಕೈಯೊಂದು ಚಾಚಿಕೊಂಡೇ ಇದೆ.